ತಾಳಮದ್ದಳೆಯಿಂದ ಕನ್ನಡ ಕಲಿತ ಮನೆಗಳು ನಮ್ಮ ಕಾಸರಗೋಡಿನಲ್ಲಿ ಎಷ್ಟಿವೆ?

ಬದಿಯಡ್ಕದವಳು:
ಕೇರಳದ ಮಲಯಾಳ ಭಾಷಾ ಮಸೂದೆಯ ಸುದ್ದಿ ಓದಿದಾಗಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. 2017ರಲ್ಲಿ ಶಾಲೆಗಳಿಗೆ ಮಲಯಾಳ ಕಡ್ಡಾಯ ಮಾಡಿದಾಗಲೂ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ಆಗಿತ್ತು. ಚರ್ಚೆಯೆಲ್ಲ ಶಾಲೆ, ಕಚೇರಿ, ಅರ್ಜಿಗಳ ಸುತ್ತಲೇ. ನನಗೆ ಮಾತ್ರ ಅಜ್ಜನ ನೆನಪು ಜಾಸ್ತಿ ಬರುತ್ತದೆ.

ನಮ್ಮ ಮನೆಮಾತು ತುಳು. ಅಜ್ಜ ಗೇಣಿ ಒಕ್ಕಲು, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಆದರೆ ಮಳೆಗಾಲದ ಆಟಿ ತಿಂಗಳ ತಾಳಮದ್ದಳೆ ಕೂಟದಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ವಾಲಿಯ ಅರ್ಥ (ಪಾತ್ರದ ಮಾತು) ಹೇಳಲು ಕೂತರೆ ಅವರ ಕನ್ನಡಕ್ಕೆ ಮಾಷ್ಟ್ರುಗಳೂ ತಲೆದೂಗುತ್ತಿದ್ದರಂತೆ. ಎದುರಿಗೆ ರಾಮನ ಅರ್ಥಕ್ಕೆ ಕೂರುತ್ತಿದ್ದವರು ನಮ್ಮ ಧಣಿಗಳು. ಮರದ ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ, ನಾನು ನಿನಗೇನು ಮಾಡಿದ್ದೆ ಎಂದು ಅಜ್ಜ ಕೇಳುವಾಗ ಅಂಗಳದಲ್ಲಿದ್ದ ಒಕ್ಕಲುಗಳೆಲ್ಲ ನೆಟ್ಟಗೆ ಕೂರುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ತುಳುವಿನಲ್ಲಿ ಧಣಿಗಳಿಗೆ ಹಾಗೆ ಕೇಳಲು ಆಗುತ್ತಿತ್ತಾ?

1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಹೋಯಿತು, ಭೂಮಿ ನಮಗೆ ಬಂತು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದದ್ದೂ ಅದೇ ಭೂಸುಧಾರಣೆಯ ವಿಷಯಕ್ಕೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು 1973ರಲ್ಲಿ 13 ನ್ಯಾಯಾಧೀಶರ ಪೀಠ ಹೇಳಿದ್ದು ಆ ಮೊಕದ್ದಮೆಯಲ್ಲೇ. ಆ ಸ್ವಾಮಿಗಳು ಸ್ವತಃ ಭಾಗವತಿಕೆ ಮಾಡುತ್ತಿದ್ದವರು, ಅಂದರೆ ಯಕ್ಷಗಾನದ ಪದ ಹಾಡುತ್ತಿದ್ದವರು. ಭೂಮಿ ಪಡೆದವರು, ಕಳಕೊಂಡವರು ಎಲ್ಲರಿಗೂ ಇದ್ದದ್ದು ಅದೇ ಯಕ್ಷಗಾನ!

ನಿಮ್ಮ ಮನೆಗಳಲ್ಲೂ ಇಂಥ ನೆನಪು ಇದೆಯಾ? ಊರವರೇ ಅರ್ಥ ಹೇಳುವ ಕೂಟ ಈಗ ಎಲ್ಲಾದರೂ ಇದ್ದರೆ ತಿಳಿಸಿ, ಮಗಳನ್ನು ಕರೆದುಕೊಂಡು ಹೋಗಬೇಕು.

ಪಯಸ್ವಿನಿ ಕರೆ:
ನಾನು ಧಣಿಗಳ ಕಡೆಯವನು. ನಮ್ಮ ಚಾವಡಿಯಲ್ಲೂ ಕೂಟ ಆಗುತ್ತಿತ್ತು, ಭೂಮಿ ಹೋದ ಮೇಲೆ ನಿಂತೇ ಹೋಯಿತು. ದೊಡ್ಡಜ್ಜನಿಗೆ ಆ ಸಿಟ್ಟು ಕೊನೆಯವರೆಗೂ ಇತ್ತು. ಅಕ್ಕಾ, ಒಂದು ಮಾತು ಹೇಳಲೇಬೇಕು. ನಿಮ್ಮ ಅಜ್ಜನಿಗೆ ಕೂಟದಲ್ಲಿ ಕೂರಲು ಚಾಪೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಕೆಲವು ಜಾತಿಯವರು ಅಂಗಳದಾಚೆ ನಿಂತೇ ಕೇಳಿದರು, ಚಾವಡಿ ಮೆಟ್ಟಿಲು ಹತ್ತಿದವರಲ್ಲ. ಅದನ್ನು ಬಿಟ್ಟು ಕೂಟವನ್ನು ಹೊಗಳಿದರೆ ಅವರಿಗೆ ಅನ್ಯಾಯ.

ಪೈವಳಿಕೆ ಟೀಚರ್:
ನೆನಪು ಚೆನ್ನಾಗಿದೆ, ಆದರೆ ಶಾಲೆಯ ಮಾತನ್ನು ಬದಿಗಿಡಬೇಡಿ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದವರು ಗಣಿತ ಕಲಿಸಲು ಬಂದರೆ ಮಗು ಯಾರನ್ನು ಕೇಳಬೇಕು? ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು, ನನ್ನ ಅಪ್ಪ ಅದನ್ನೇ ಕಾಯುತ್ತಾ ಮುದುಕರಾದರು. ನಾನು ಕಾಯುವುದನ್ನು ಬಿಟ್ಟಿದ್ದೇನೆ. ಕ್ಲಾಸಿನಲ್ಲಿರುವ ಮಕ್ಕಳಿಗೆ ಈ ವರ್ಷವೇ ಕನ್ನಡ ಬಲ್ಲ ಟೀಚರ್ ಬೇಕು.

ಕಣಿಪುರದ ಚೆಂಡೆ:
ನಮ್ಮ ಮನೆಮಾತು ಮಲಯಾಳ. ನಾನು ಕನ್ನಡ ಓದಲು ಕಲಿತದ್ದು ಮಾವನ ಯಕ್ಷಗಾನ ಪ್ರಸಂಗ ಪುಸ್ತಕಗಳಿಂದ, ಅದೂ ನಮ್ಮ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪದಗಳಿಂದ. ಅವರು ಚೆಂಡೆ ಬಾರಿಸುತ್ತಿದ್ದರು, ನಾನೂ ಅದನ್ನೇ ಹಿಡಿದೆ. ಮಲಯಾಳದವರೆಲ್ಲ ಕನ್ನಡಕ್ಕೆ ವಿರೋಧಿಗಳು ಅಂತ ಸುಮ್ನೆ ಬರೆಯುವವರಿಗೆ ಇದೂ ಗೊತ್ತಿರಲಿ.

ಬದಿಯಡ್ಕದವಳು:
ಪಯಸ್ವಿನಿಯವರೇ, ಒಪ್ಪಿದೆ. ಅಜ್ಜಿಗೂ ಚಾಪೆ ಇರಲಿಲ್ಲ, ಕೂಟ ಮುಗಿಯುವವರೆಗೆ ಎಲ್ಲರಿಗೂ ಚಾ ಕಾಯಿಸುತ್ತಾ ಒಳಗಿನಿಂದಲೇ ಕೇಳಿದ್ದು. ಆದರೂ ವಾಲಿಯ ಮಾತು ಅವರಿಗೆ ಪೂರ್ತಿ ಬಾಯಿಪಾಠ. ಟೀಚರ್, ಶಾಲೆ ಬೇಡ ಅನ್ನುತ್ತಿಲ್ಲ. ಅರ್ಜಿ ಕೊಡುವಾಗ ಹೇಳಿ, ಸಹಿಗೆ ನಾನೂ ಬರುತ್ತೇನೆ.

ಕಣಿಪುರದ ಚೆಂಡೆ:
ನಮ್ಮಲ್ಲಿ ಶನಿವಾರ ಸಂಜೆ ಕೂಟ ಇರುತ್ತದೆ, ಹೆಂಗಸರೂ ಅರ್ಥ ಹೇಳುತ್ತಾರೆ. ಮಗಳನ್ನು ಕರೆದುಕೊಂಡು ಬನ್ನಿ. ಮೊದಲಿಗೆ ವಾಲಿಯ ಹೆಂಡತಿ ತಾರೆಯ ಅರ್ಥ ಕೊಡೋಣ. ಯುದ್ಧಕ್ಕೆ ಹೋಗಬೇಡ ಎಂದು ವಾಲಿಯನ್ನು ತಡೆಯುವ ಭಾಗ ಚಿಕ್ಕದು, ವಾದ ಮಾತ್ರ ಗಟ್ಟಿ. ಪದಗಳನ್ನು ಬರೆದು ಕಳಿಸುತ್ತೇನೆ.