ಅಮ್ಮನ ಜೊತೆ ಪಿಯೋಡಾಂವ್ ಹಳ್ಳಿಗೆ ಹೋಗಬಹುದಾ? ಕಾರು ಓಡಿಸಲು ಬರುವುದಿಲ್ಲ

ಸುಮಾ_ಅಲೆಮಾರಿ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿದ್ದೇನೆ. ನವೆಂಬರ್ ಮೊದಲ ವಾರ ಅಮ್ಮ ಬರುತ್ತಿದ್ದಾರೆ. 66 ವರ್ಷ, ಮೊಣಕಾಲು ನೋವಿದೆ, ನಿಧಾನವಾಗಿ ಆದರೆ ಎಷ್ಟು ಬೇಕಾದರೂ ನಡೆಯುತ್ತಾರೆ. ಲಿಸ್ಬನ್, ಪೋರ್ತೊ ತೋರಿಸುತ್ತೇನೆ ಅಂದರೆ ಅವರಿಗೆ ಅಷ್ಟು ಉತ್ಸಾಹವಿಲ್ಲ. ಎಲ್ಲೋ ಒಂದು ಫೋಟೊ ನೋಡಿದ್ದಾರೆ. ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಕಪ್ಪು ಕಲ್ಲಿನ ಮನೆಗಳು, ನೀಲಿ ಬಾಗಿಲುಗಳು, ಕೆಳಗೆ ಒಂದೇ ಒಂದು ಬಿಳಿ ಚರ್ಚು. ಸೆರ್ರಾ ದೊ ಅಸೋರ್ ಬೆಟ್ಟದ ಪಿಯೋಡಾಂವ್. ಅಲ್ಲಿಗೇ ಹೋಗಬೇಕು ಅಂತ ಹಟ ಹಿಡಿದಿದ್ದಾರೆ.

ಬಸ್ಸಿನಲ್ಲಿ ಹೋಗಿಬರಲು ಆಗುತ್ತದಾ? ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದರೆ ಸಾಕಾ? ನಾವು ಮಾಂಸ ತಿನ್ನುವುದಿಲ್ಲ, ಊಟಕ್ಕೆ ಏನಾದರೂ ಸಿಗುತ್ತದಾ? ಇನ್ನೊಂದು ವಿಷಯ ಮನಸ್ಸಿಗೆ ಕೊರೆಯುತ್ತಿದೆ. ಬೆರಳೆಣಿಕೆಯಷ್ಟು ಜನ ಇರುವ ಊರು, ಅದರಲ್ಲೂ ಹೆಚ್ಚಿನವರು ವಯಸ್ಸಾದವರು. ನಾವು ಹೋಗಿ ಅವರ ಮನೆ ಮುಂದೆ ನಿಂತು ಫೋಟೊ ತೆಗೆದರೆ ಅವರಿಗೆ ಹಿಂಸೆಯಾಗುವುದಿಲ್ವಾ?

ಘಾಟಿ_ತಿರುವು

ಸುಮಾ ಅವರೇ, ಖಂಡಿತ ಹೋಗಿ. ಆದರೆ ಬಸ್ಸನ್ನು ನಂಬಿ ಹೋಗುವ ಊರಲ್ಲ ಅದು. ಲಿಸ್ಬನ್‌ನಿಂದ ಕೊಯಿಂಬ್ರಾವರೆಗೆ ರೈಲಿನಲ್ಲಿ ಬನ್ನಿ, ಅಲ್ಲಿಂದ ಟ್ಯಾಕ್ಸಿಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಹೋಗುವುದಕ್ಕೆ ಮಾತ್ರ ಅಲ್ಲ, ವಾಪಸ್ ಕರೆದುಕೊಂಡು ಬರುವುದಕ್ಕೂ. ದೂರ ನೂರು ಕಿಲೋಮೀಟರ್‌ಗಿಂತ ಕಡಿಮೆ, ಆದರೂ ಎರಡು ಗಂಟೆ ಇಟ್ಟುಕೊಳ್ಳಿ, ಯಾಕೆಂದರೆ ಕೊನೆಯ ಭಾಗದಲ್ಲಿ ರಸ್ತೆ ತಿರುಗಿದ್ದೇ ತಿರುಗಿದ್ದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಮ್ಮನಿಗೆ ವಾಂತಿ ಬರುವ ಅಭ್ಯಾಸ ಇದ್ದರೆ ಮುಂದಿನ ಸೀಟಿನಲ್ಲಿ ಕೂರಿಸಿ.

ಮೊಣಕಾಲಿನ ವಿಷಯ. ಗಾಡಿ ನಿಲ್ಲುವ ಚೌಕ ಮತ್ತು ಚರ್ಚು ಊರಿನ ಕೆಳತುದಿಯಲ್ಲಿವೆ, ಅಲ್ಲಿ ತೊಂದರೆಯಿಲ್ಲ. ಮೇಲಕ್ಕೆ ಹೋದರೆ ಬರೀ ಮೆಟ್ಟಿಲು, ಇಕ್ಕಟ್ಟು ಓಣಿ. ಗೋಡೆ, ಸೂರು, ನೆಲ ಎಲ್ಲವೂ ಷಿಷ್ಟು ಅನ್ನುವ ಪದರ ಪದರದ ಕಲ್ಲು. ಒಣಗಿದ್ದಾಗ ಕಾಲಿಗೆ ಚೆನ್ನಾಗಿ ಹಿಡಿತ ಸಿಗುತ್ತದೆ. ಮಳೆ ಬಿದ್ದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ನವೆಂಬರ್‌ನಲ್ಲಿ ಮಳೆ ಇದ್ದೇ ಇರುತ್ತದೆ. ಒಳ್ಳೆಯ ರಬ್ಬರ್ ಅಟ್ಟೆಯ ಶೂ ಕೊಡಿಸಿ, ಚಪ್ಪಲಿ ಬೇಡವೇ ಬೇಡ. ನಗದು ಯೂರೋ ಕೈಯಲ್ಲಿರಲಿ, ಬೆಟ್ಟದ ಊರುಗಳಲ್ಲಿ ಕಾರ್ಡ್ ನಡೆಯುತ್ತದೆ ಅಂತ ನಂಬಿ ಹೋಗಬೇಡಿ.

ಮೋಡದೂರು

ನಾನು ಮೂರು ವರ್ಷ ಆ ಕಡೆಯ ಇಂಥದ್ದೇ ಒಂದು ಸಣ್ಣ ಹಳ್ಳಿಯಲ್ಲಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ದಯವಿಟ್ಟು ಒಂದು ರಾತ್ರಿಯಾದರೂ ಉಳಿಯಿರಿ. ಹಗಲಲ್ಲಿ ಟೂರಿಸ್ಟ್ ಬಸ್ಸುಗಳು ಬರುತ್ತವೆ, ಎರಡು ಗಂಟೆ ಗದ್ದಲ, ಆಮೇಲೆ ಹೊರಟುಬಿಡುತ್ತವೆ. ಸಂಜೆ ದೀಪ ಹಚ್ಚಿದಾಗ ಊರು ಕ್ರಿಸ್‌ಮಸ್ ಗೋದಲಿಯ ಹಾಗೆ ಕಾಣುತ್ತದೆ, ಅಲ್ಲಿಯವರು ಅದನ್ನು ಗೋದಲಿ ಹಳ್ಳಿ ಅಂತಲೇ ಕರೆಯುತ್ತಾರೆ. ಆದರೆ ಬೀದಿದೀಪ ಬಿಟ್ಟು ಕಿಟಕಿಗಳನ್ನು ನೋಡಿ. ಎಷ್ಟೋ ಮನೆಗಳ ಒಳಗೆ ಬೆಳಕೇ ಇರುವುದಿಲ್ಲ. 1960ರ ದಶಕದಲ್ಲಿ ಈ ಬೆಟ್ಟಗಳಿಂದ ಜನ ಲಿಸ್ಬನ್‌ಗೆ, ಫ್ರಾನ್ಸ್‌ಗೆ ಗುಂಪು ಗುಂಪಾಗಿ ಹೋದರು. ಈಗ ಅವರ ಮಕ್ಕಳು, ಮೊಮ್ಮಕ್ಕಳು ಆಗಸ್ಟ್‌ನಲ್ಲಿ ಜಾತ್ರೆಗೆ ಬಂದು ಹೋಗುತ್ತಾರೆ.

ನಾನಿದ್ದ ಊರಿನಲ್ಲಿ ಅಂಗಡಿಯೇ ಇರಲಿಲ್ಲ. ಬ್ರೆಡ್ ಮಾರುವವನು ವ್ಯಾನಿನಲ್ಲಿ ಬಂದು ತಿರುವಿನಲ್ಲೇ ಹಾರ್ನ್ ಹೊಡೆಯುತ್ತಿದ್ದ. ಅಜ್ಜಿಯರು ರಾತ್ರಿಯೇ ಬಾಗಿಲ ಹಿಡಿಕೆಗೆ ಒಂದು ಬಟ್ಟೆ ಚೀಲ ನೇತುಹಾಕಿ, ಒಳಗೆ ಚಿಲ್ಲರೆ ಹಾಕಿಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಅವನು ಬ್ರೆಡ್ ಹಾಕಿ ಹೋಗುತ್ತಿದ್ದ. ಪಕ್ಕದ ಮನೆಯ ಚೀಲ ಹತ್ತು ಗಂಟೆಯಾದರೂ ಹಾಗೇ ನೇತಾಡುತ್ತಿದೆ ಅಂದರೆ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಿದ್ದರು. ಒಬ್ಬರಿಗೊಬ್ಬರು ಅಷ್ಟು ಆಸರೆ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇದು. ಹಿಂಸೆಯಾಗುವುದು ಮಾತಾಡಿಸದೆ ಕ್ಯಾಮೆರಾ ಎತ್ತುವವರಿಂದ. ಎದುರಿಗೆ ಸಿಕ್ಕವರಿಗೆ ಬೆಳಿಗ್ಗೆ 'ಬೊಂ ದಿಯಾ', ಮಧ್ಯಾಹ್ನದ ಮೇಲೆ 'ಬೋವಾ ತಾರ್ದ್' ಅನ್ನಿ, ಅಷ್ಟು ಸಾಕು. ಅಮ್ಮನ ಜೊತೆ ಹೋಗುತ್ತಿರುವುದು ಇನ್ನೂ ಒಳ್ಳೆಯದೇ ಆಯಿತು. ಹುರುಳಿಕಾಯಿ ಬಿಡಿಸುತ್ತಾ ಕೂತ ಅಜ್ಜಿಯ ಪಕ್ಕ ಅವರು ಸುಮ್ನೆ ಕೂತರೂ ಸಾಕು, ಭಾಷೆ ಬೇಕಾಗುವುದಿಲ್ಲ.

ಬೆಟ್ಟ ಕಪ್ಪಾಗಿ ಕಂಡರೆ ಗಾಬರಿಯಾಗಬೇಡಿ. 2017ರ ಅಕ್ಟೋಬರ್‌ನಲ್ಲಿ ಆ ಸುತ್ತಮುತ್ತ ಸುಟ್ಟಿತ್ತು. 2025ರ ಆಗಸ್ಟ್‌ನಲ್ಲಿ ಪಿಯೋಡಾಂವ್ ಹತ್ತಿರವೇ ಹುಟ್ಟಿದ ಬೆಂಕಿ ಹತ್ತು ದಿನಕ್ಕೂ ಜಾಸ್ತಿ ಉರಿದು 60,000 ಹೆಕ್ಟೇರ್‌ಗಿಂತ ಹೆಚ್ಚು ಭೂಮಿ ತಿಂದಿತು. ಹೊಲ ಮಾಡುವವರು, ಆಡು ಮೇಯಿಸುವವರು ಇಲ್ಲದೆ ಗದ್ದೆಯಲ್ಲೆಲ್ಲ ಪೊದೆ ಬೆಳೆದರೆ ಬೆಂಕಿಗೆ ತಡೆ ಎಲ್ಲಿ? ಅಂಥ ಊರಿನಲ್ಲಿ ನೀವು ಉಳಿದುಕೊಳ್ಳುವ ರೂಮು, ಕೊಳ್ಳುವ ಒಂದು ಬಾಟಲಿ ಜೇನು ಎಲ್ಲಕ್ಕೂ ಬೆಲೆಯಿದೆ.

ಗಿಣ್ಣು_ಪ್ರಿಯ

ಊಟದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅಲ್ಲಿಯ ಹೆಸರುವಾಸಿ ಅಡುಗೆ ಶನ್‌ಫಾನಾ, ಮಣ್ಣಿನ ಪಾತ್ರೆಯಲ್ಲಿ ಕೆಂಪು ವೈನ್ ಹಾಕಿ ಗಂಟೆಗಟ್ಟಲೆ ಬೇಯಿಸಿದ ಮೇಕೆ ಮಾಂಸ. ನಿಮಗೆ ಆಗುವುದಿಲ್ಲ. ಕಾಲ್ದು ವೆರ್ದ್ ಅಂತ ಆಲೂಗಡ್ಡೆ, ಸೊಪ್ಪಿನ ಸೂಪ್ ಇರುತ್ತದೆ, ಅದರಲ್ಲೂ ಹಂದಿಮಾಂಸದ ಸಾಸೇಜ್ ತುಂಡು ಹಾಕುತ್ತಾರೆ, ಮೊದಲೇ ಕೇಳಿ. ಮೆಕ್ಕೆಜೋಳದ ಹಿಟ್ಟಿನ ಬ್ರೋವಾ ಬ್ರೆಡ್ ಜೊತೆ ಸೆರ್ರಾ ದ ಎಸ್ತ್ರೆಲಾ ಗಿಣ್ಣು, ಅಂದರೆ ಚೀಸ್, ತಿನ್ನಿ. ಕುರಿ ಹಾಲಿನದು, ಹಾಲು ಒಡೆಸಲು ಒಂದು ಜಾತಿಯ ಮುಳ್ಳುಗಿಡದ ಹೂವು ಹಾಕುತ್ತಾರೆ, ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಲ್ಲ. ಆದ್ದರಿಂದ ಅಮ್ಮ ಧೈರ್ಯವಾಗಿ ತಿನ್ನಬಹುದು. ಹಣ್ಣಾದ ಗಿಣ್ಣಿನ ಮೇಲಿನ ಸಿಪ್ಪೆ ಕತ್ತರಿಸಿ ಚಮಚದಲ್ಲಿ ತೋಡಿ ತಿನ್ನುವುದು ಅಲ್ಲಿನ ಪದ್ಧತಿ.

ಭಾನುವಾರ ಮಾತ್ರ ಹೋಗಬೇಡಿ, ಜನ ಜಾಸ್ತಿ. ನವೆಂಬರ್ 11ರವರೆಗೆ ಅಮ್ಮ ಇದ್ದರೆ ಇನ್ನೂ ಒಳ್ಳೆಯದು. ಅಂದು ಸಾಂವ್ ಮಾರ್ತಿನ್ಯು ಹಬ್ಬ, ಎಲ್ಲರೂ ಬೆಂಕಿಯ ಸುತ್ತ ಸೇರಿ ಚೆಸ್ಟ್‌ನಟ್ ಸುಟ್ಟು ತಿನ್ನುತ್ತಾರೆ.

ಸುಮಾ_ಅಲೆಮಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಗಳವಾರ ಹೋಗಿ ಎರಡು ರಾತ್ರಿ ಉಳಿಯುವುದು ಅಂತ ಮಾಡಿದ್ದೇವೆ, ಟ್ಯಾಕ್ಸಿಗೆ ಇವತ್ತೇ ಫೋನ್ ಮಾಡುತ್ತೇನೆ. ಮೋಡದೂರು ಅವರೇ, ನೀವು ಬರೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದರು, ಚೀಲಕ್ಕೆ ಎಷ್ಟು ಚಿಲ್ಲರೆ ಹಾಕಬೇಕಂತೆ?