ಪದಚರ್ಚೆ: ‘ಸಾರ್ವಜನಿಕ ಶಿಕ್ಷಣ’ದ ಪಕ್ಕದಲ್ಲಿ ಯಾವ ‘ಅಧಿಕಾರ’?

ತುಮಕೂರಿನಿಂದ, ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮೂರ ಶಾಲೆಯಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರಿಗೆ, ಶಿಕ್ಷಕರಿಗೆ ಒಂದು ವಿಚಾರಗೋಷ್ಠಿ. ಬ್ಯಾನರು ಎಂಟಡಿಗೆ ಮೂರಡಿ. ಸಂಜೆ ಐದರೊಳಗೆ ಮ್ಯಾಟರ್ ಕೊಡದಿದ್ದರೆ ಫ್ಲೆಕ್ಸ್ ಅಂಗಡಿಯವನು ಮದುವೆ ಬ್ಯಾನರಿಗೆ ಕೈ ಹಾಕುತ್ತಾನಂತೆ. ವಿಷಯ ಇಂಗ್ಲಿಷಿನಲ್ಲಿ ಬಂದಿದೆ: ಪಬ್ಲಿಕ್ ಎಜುಕೇಶನ್ ಅಂಡ್ ಪೊಲಿಟಿಕಲ್ ಪವರ್. ‘ಸಾರ್ವಜನಿಕ ಶಿಕ್ಷಣ ಮತ್ತು ರಾಜಕೀಯ ಅಧಿಕಾರ’ ಎಂದು ಬರೆದು ಹೆಡ್‌ಮಾಸ್ಟರಿಗೆ ತೋರಿಸಿದೆ. ‘ಶಾಲೇಲಿ ರಾಜಕೀಯ ಎಲ್ಲ ಬೇಡ ಸಾರ್’ ಅಂದರು. ‘ರಾಜ್ಯಾಧಿಕಾರ’ ಎಂದು ತಿದ್ದಿದರೆ, ‘ಬೆಂಗಳೂರಿಂದ ಯಾವ ಅಧಿಕಾರಿ ಬರ್ತಿದಾರೆ?’ ಎಂದು ಕೇಳಿದರು. ತಿಳಿದವರು ಬೇಗ ಹೇಳಿ.

ಮೈಸೂರಿನಿಂದ

‘ಪ್ರಭುತ್ವ’ ಇದೆಯಲ್ಲ, ಸಾಕು. ‘ರಾಜ್ಯ’ ಮಾತ್ರ ಹಾಕಬೇಡಿ. ಸಂವಿಧಾನದ 12ನೇ ಅನುಚ್ಛೇದದ ‘ರಾಜ್ಯ’ದೊಳಗೆ ಕೇಂದ್ರ ಸರ್ಕಾರ, ಸಂಸತ್ತು, ವಿಧಾನಮಂಡಲ, ಸ್ಥಳೀಯ ಸಂಸ್ಥೆ ಎಲ್ಲವೂ ಬರುತ್ತವೆ. ಬ್ಯಾನರ್ ಓದುವವರಿಗೆ ಕಾಣುವುದು ಕರ್ನಾಟಕ ಒಂದೇ. 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣ ರಾಜ್ಯಪಟ್ಟಿಯಿಂದ, ಕೇಂದ್ರ ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋಯಿತು. ಗೋಷ್ಠಿಯಲ್ಲಿ ಆ ಮಾತು ಬಂದೇ ಬರುತ್ತದೆ. ನಿಮ್ಮ ‘ರಾಜ್ಯಾಧಿಕಾರ’ ದೆಹಲಿಯನ್ನು ಗೇಟಿನಾಚೆ ನಿಲ್ಲಿಸಿಬಿಡುತ್ತದೆ.

ಶಿವಮೊಗ್ಗದಿಂದ

ಸಂಸ್ಕೃತ ತೆಗೆದು ಸಂಸ್ಕೃತವನ್ನೇ ಇಟ್ಟಂತಾಯಿತು. ‘ನಾಡಕಲಿಕೆ ಮತ್ತು ಆಳ್ವಿಕೆ’ ಎನ್ನಿ, ಪ್ರಾಸವೂ ಕೂಡಿತು. ‘ಶಿಕ್ಷಣ’ದ ಮಗ್ಗುಲಲ್ಲೇ ‘ಶಿಕ್ಷೆ’ ಕೂತಿದೆ. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಕೆಯೇ. ಇಲ್ಲಿಗೆ ಬಂದು ಬೆತ್ತ ಹಿಡಿಯಿತು. ಎರವಲು ಪದಗಳ ಹಣೆಬರಹವೇ ಇಷ್ಟು.

ಮೈಸೂರಿನಿಂದ

‘ನಾಡಕಲಿಕೆ’ ಎಂದರೆ ನಾಟಿಕೋಳಿ ಸಾಕುವ ತರಬೇತಿ ಎಂದುಕೊಂಡಾರು. ಮುಂದಿನದು ಹೇಳಿ.

ಧಾರವಾಡದಿಂದ

ಇಬ್ಬರೂ ‘ಅಧಿಕಾರ’ದ ಅರ್ಧಕ್ಕೇ ಜೋತುಬಿದ್ದೀರಿ. ತೊಡಕು ‘ಸಾರ್ವಜನಿಕ ಶಿಕ್ಷಣ’ದ ಅರ್ಧದಾಗೂ ಅದ. ಬ್ರಿಟಿಷ್ ಸರಕಾರದ ಚಾರ್ಲ್ಸ್ ವುಡ್ 1854ರಲ್ಲಿ ಕಳಿಸಿದ ಖಲೀತೆಯಿಂದ (ಸರಕಾರಿ ಪತ್ರದಿಂದ) ಪ್ರಾಂತಕ್ಕೊಂದು ‘ಪಬ್ಲಿಕ್ ಇನ್‌ಸ್ಟ್ರಕ್ಷನ್’ ಇಲಾಖೆ ಬಂತು. ‘ಸಾರ್ವಜನಿಕ ಶಿಕ್ಷಣ’ ಅಂದರ ನಮಗ ಇವತ್ತಿಗೂ ಜಿಲ್ಲಾ ಶಿಕ್ಷಣಾಧಿಕಾರಿ ಡಿಡಿಪಿಐ ಆಫೀಸಿನ ಬೋರ್ಡೇ ನೆನಪಾಗೂದು. ‘ಪಬ್ಲಿಕ್’ ಅಂತೂ ಕೇಳಬ್ಯಾಡ್ರಿ: ಫೀ ಎಣಿಸಿಕೊಳ್ಳೋ ಖಾಸಗಿ ಸಾಲಿನೂ ಪಬ್ಲಿಕ್ ಸ್ಕೂಲ್, ಸರಕಾರದ್ದೂ ಕರ್ನಾಟಕ ಪಬ್ಲಿಕ್ ಶಾಲೆ. ಮಂದಿ ಬಾಯಾಗ ಇರೂದು ‘ಸರಕಾರಿ ಸಾಲಿ’. ಅದನ್ನೇ ಹಾಕ್ರಿ.

ಶಿವಮೊಗ್ಗದವರಿಗೆ ಒಂದು ಮಾತು. ಮರಾಠಿ ನಡೀತಿದ್ದ ಮುಂಬಯಿ ಪ್ರಾಂತದ ನಮ್ಮ ಸಾಲಿಗಳಿಗೆ ಕನ್ನಡ ತಂದವರನ್ನ ನಾವು ‘ಡೆಪ್ಯುಟಿ’ ಚನ್ನಬಸಪ್ಪ ಅಂತನ ಕರೀತೀವಿ. ಸಾಲಿಗಳ ಡೆಪ್ಯುಟಿ ಇನ್‌ಸ್ಪೆಕ್ಟರ್ ಅನ್ನೋ ಆ ಇಂಗ್ಲಿಷ್ ಹುದ್ದೆ ಕೈಯಾಗ ಇತ್ತು, ಅದಕ್ಕ ಕೆಲಸ ಆತು. ಈಗ ಆ ಹೆಸರಿನಿಂದ ‘ಡೆಪ್ಯುಟಿ’ ಕಿತ್ತು ಏನು ಇಡತೀರಿ?

‘ಅಧಿಕಾರ’ಕ್ಕ ‘ಹಿಡಿತ’ ಅನ್ನ್ರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಲಿ ಸಮಿತಿಯೊಳಗ ಮುಕ್ಕಾಲು ಪಾಲು ಪಾಲಕರಿಗೇ ಕೊಟ್ಟದ, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಅಂದದ. ಅದು ಅಧಿಕಾರ. ನಾನು ಕಲಿಸಿದ ಒಂದೂರಾಗ ಸಮಿತಿ ಅಧ್ಯಕ್ಷಿ ಠರಾವು ಪುಸ್ತಕಕ್ಕ ಹೊಲದಾಗ ನಿಂತು ಸಹಿ ಮಾಡತಿದ್ದಳು. ಒಳಗ ಏನು ಬರದದ ಅಂತ ಆಕಿಗೆ ಯಾರೂ ಓದಿ ಹೇಳತಿರಲಿಲ್ಲ. ಹಿಡಿತ ಬ್ಯಾರೆಯವರ ಕೈಯಾಗಿತ್ತು. ನಿಮ್ಮ ಗೋಷ್ಠಿ ಇದರ ಬಗ್ಗೇನ ಹೌದಲ್ಲೋ?

ಶಿವಮೊಗ್ಗದಿಂದ

‘ಹಿಡಿತ’ ಒಪ್ಪಿದೆ, ಅಚ್ಚಗನ್ನಡ. ‘ಸರ್ಕಾರ’ ಫಾರ್ಸಿ, ಅದು ಬೇಡ.

ಮೈಸೂರಿನಿಂದ

‘ಕುರ್ಚಿ’ ಅರಬ್ಬಿಯಿಂದ ಬಂದದ್ದು. ಎದ್ದು ನಿಂತೇ ಟೈಪು ಮಾಡುತ್ತಿದ್ದೀರಾ?

ತುಮಕೂರಿನಿಂದ, ಸಂಜೆ 5.40

ಧಾರವಾಡದ ಮೇಡಂ, ಹೌದು, ಅದರ ಬಗ್ಗೆಯೇ. ‘ಸರ್ಕಾರಿ ಶಾಲೆ: ಹಿಡಿತ ಯಾರದು?’ ಎಂದು ಕೊಟ್ಟುಬಂದೆ. ಹೆಡ್‌ಮಾಸ್ಟರು ಎರಡು ಸಲ ಓದಿ ಸುಮ್ಮನಾದರು, ಬೇಡ ಅನ್ನಲಿಲ್ಲ. ಅಂಗಡಿಯ ಹುಡುಗ ‘ಸರಕಾರಿ’ ಎಂದು ಹೊಡೆದಿದ್ದಾನೆ, ಪ್ರಿಂಟೂ ಆಗಿಹೋಗಿದೆ.

ಧಾರವಾಡದಿಂದ

ಹುಡುಗ ಶಾಣ್ಯಾ ಇದ್ದಾನ.

ಮೈಸೂರಿನಿಂದ

ಅರ್ಕಾವತ್ತು ನುಂಗಿದವನನ್ನು ಹೊಗಳುತ್ತೀರಲ್ಲ ಮೇಡಂ. ಇದಕ್ಕೆ ಬೇರೆ ಎಳೆ ತೆರೆಯುತ್ತೇನೆ.