ಟ್ರಯಥ್ಲಾನ್‌ಗೆ ಬೇರೆ ಸೈಕ್ಲಿಂಗ್ ಶೂ ಬೇಕಾ, ಇರೋ ರೋಡ್ ಶೂ ಸಾಕಾ?

ಗಡಿಬಿಡಿ_ಗಾಲಿ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸ್ಪ್ರಿಂಟ್ (750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ), ಆಮೇಲೆ ಗೋವಾ 70.3 (ಹಾಫ್ ಐರನ್‌ಮ್ಯಾನ್ ದೂರದ ಟ್ರಯಥ್ಲಾನ್) ಮಾಡುವ ಯೋಚನೆ. ಸದ್ಯ ಇರುವುದು ಡಯಲ್ ತಿರುಗಿಸಿ ಬಿಗಿ ಮಾಡುವ ರೋಡ್ ಶೂ, ಸೈಜ್ 42. ಪೆಡಲ್ ಶಿಮಾನೊ ಎಸ್‌ಪಿಡಿ-ಎಸ್‌ಎಲ್, ಹಳದಿ ಕ್ಲೀಟ್ (ಶೂ ಅಡಿಯಲ್ಲಿ ಸ್ಕ್ರೂನಿಂದ ಕೂರಿಸಿ ಪೆಡಲ್‌ಗೆ ಕಚ್ಚಿಸುವ ತುಂಡು). ಸೈಕಲ್‌ಗೆ ಡಿಸ್ಕ್ ಬ್ರೇಕ್, ಥ್ರೂ ಆಕ್ಸಲ್ (ಚಕ್ರವನ್ನು ಫ್ರೇಮ್‌ಗೆ ಹಿಡಿಯುವ, ತಿರುಗಿಸಿ ಬಿಗಿ ಮಾಡುವ ಕಂಬಿ). ಪಾದ ಅಗಲ. ಎರಡು ಗಂಟೆ ದಾಟಿದರೆ ಹೆಬ್ಬೆರಳ ಬುಡ ಉರಿಯುತ್ತೆ, ಬೆರಳು ಜೋಮು ಹಿಡಿಯುತ್ತೆ.

ಟ್ರೈ ಶೂ (ಟ್ರಯಥ್ಲಾನ್‌ಗೆಂದೇ ಮಾಡಿದ ಸೈಕ್ಲಿಂಗ್ ಶೂ) ತಗೊಂಡರೆ ಈ ಉರಿ ಹೋಗುತ್ತಾ? ಟಿ1ನಲ್ಲಿ (ಈಜು ಮುಗಿಸಿ ಸೈಕಲ್ ಏರುವ ನಡುವಿನ ಹಂತ) ನಿಜವಾಗಲೂ ಸಮಯ ಉಳಿಯುತ್ತಾ?

ಅಲೆನ್_ಕೀ_4

ಸರ್, ಇವು ಎರಡು ಬೇರೆ ಬೇರೆ ಪ್ರಶ್ನೆ. ಉರಿ ಬರೋದು ಅಳತೆಯಿಂದ, ಇಲ್ಲ ಕ್ಲೀಟ್‌ನಿಂದ. ಅದನ್ನು ಸರಿ ಮಾಡದೆ ಟ್ರೈ ಶೂ ತಗೊಂಡರೆ ಅದೇ ಉರಿ ಹೊಸ ಶೂ ಒಳಗೂ ಬಂದು ಕೂರುತ್ತೆ.

ಅಳತೆ ಸಂಜೆ ತಗೊಳ್ಳಿ, ಸವಾರಿ ಮುಗಿದ ಮೇಲಾದರೆ ಇನ್ನೂ ಒಳ್ಳೆಯದು. ಆಗ ಪಾದ ಸ್ವಲ್ಪ ಊದಿರುತ್ತೆ. ಹಿಮ್ಮಡಿ ಗೋಡೆಗೆ ತಾಗಿಸಿ, ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಎಲ್ಲಕ್ಕಿಂತ ಉದ್ದದ ಬೆರಳ ತುದಿಗೆ ಗೆರೆ ಹಾಕಿ. ಎರಡು ಕಾಲೂ ಒಂದೇ ಅಳತೆ ಇರೋದು ಅಪರೂಪ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ. ಶಿಮಾನೊ ಪಟ್ಟಿಯಲ್ಲಿ 42 ಅಂದರೆ 26.5 ಸೆಂ.ಮೀ. ಪಾದ, 43 ಅಂದರೆ 27.2. ಬೇರೆ ಕಂಪನಿಯ 42 ಇದಕ್ಕೆ ಸರಿಹೊಂದುತ್ತೆ ಅಂತ ನಂಬಬೇಡಿ.

ಅಗಲ ನೋಡೋಕೆ ಸುಲಭದ ಉಪಾಯ: ಈಗಿರುವ ಶೂನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಅಂಚು ದಾಟಿ ಚಾಚಿಕೊಂಡರೆ ಶೂ ಕಿರಿದು. ಆಗ 43ಕ್ಕೆ ಹೋಗೋದು ಎಲ್ಲರೂ ಮಾಡುವ ತಪ್ಪು. ಉದ್ದ ಹೆಚ್ಚಾಗಿ ಹಿಮ್ಮಡಿ ಏಳುತ್ತೆ, ಬರಿಗಾಲಲ್ಲಿ ಹಾಕಿದರೆ ಬೊಬ್ಬೆ ಗ್ಯಾರಂಟಿ. ಅದೇ ಸೈಜ್‌ನಲ್ಲಿ 'ವೈಡ್' ಅಂತ ಇರುವ ಮಾದರಿ ಹುಡುಕಿ.

ಇನ್ನು ಟ್ರೈ ಶೂ ವಿಷಯ. ಶಿಮಾನೊ ಟಿಆರ್5, ಟಿಆರ್9, ಫಿಜಿಕ್ ಟ್ರಾನ್ಸಿರೊ, ಯಾವುದೇ ಇರಲಿ, ನೋಡಬೇಕಾದ್ದು ಇಷ್ಟು. ಅಗಲವಾದ ವೆಲ್ಕ್ರೊ ಪಟ್ಟಿ ಹೊರಗಡೆಗೆ ತೆರೆಯಬೇಕು. ಒಳಗಡೆಗೆ ತೆರೆದರೆ ಓಡುವ ಸೈಕಲ್ ಮೇಲೆ ಬಿಚ್ಚಿದ ಪಟ್ಟಿ ಕ್ರ್ಯಾಂಕ್‌ಗೆ (ಪೆಡಲ್ ಹಿಡಿದಿರುವ ತೋಳು), ಚೈನ್‌ಗೆ ಬಡಿಯುತ್ತೆ. ಹಿಮ್ಮಡಿ ಹಿಂದಿನ ಕುಣಿಕೆ ಬೆರಳು ಸಲೀಸಾಗಿ ತೂರುವಷ್ಟು ದೊಡ್ಡದಿರಬೇಕು. ಒಳಗೆ ಕೈ ಹಾಕಿ ಸವರಿ. ಹೊಲಿಗೆಯ ಗಂಟು ಕೈಗೆ ಸಿಕ್ಕರೆ ಅದು ಬರಿಗಾಲಿನ ಶೂ ಅಲ್ಲ. ಸೋಲ್‌ನಲ್ಲಿ ನೀರು ಇಳಿಯೋಕೆ ತೂತು ಬೇಕು. ನಮ್ಮ ಸೆಕೆಯಲ್ಲಿ ತಲೆಗೆ ಸುರಿದುಕೊಂಡ ನೀರೆಲ್ಲ ಕೊನೆಗೆ ಶೂಗೇ ಬರೋದು.

ಒಂದು ಎಚ್ಚರಿಕೆ: ಪಟ್ಟಿ ಒಂದೋ ಎರಡೋ ಇರುವುದರಿಂದ ಡಯಲ್ ಶೂನಷ್ಟು ಹೊಂದಿಸೋಕೆ ಆಗಲ್ಲ. ಪಾದದ ಮೇಲ್ಭಾಗ ಎತ್ತರ ಇದ್ದವರಿಗೆ ಪಟ್ಟಿ ಸಾಲಲ್ಲ. ಹಾಕಿ ನೋಡುವಾಗ ವೆಲ್ಕ್ರೊ ಕಡೇಪಕ್ಷ ಅರ್ಧದಷ್ಟಾದರೂ ಒಂದರ ಮೇಲೊಂದು ಕೂರಬೇಕು. ಬರೀ ತುದಿ ಹಿಡಿದಿದ್ದರೆ ಬೆವರಿಗೆ, ಮರಳಿಗೆ ಬಿಟ್ಟುಕೊಳ್ಳುತ್ತೆ.

ಸೋಲ್ ಕಾರ್ಬನ್ನಾ ನೈಲಾನಾ ಅಂತ ತಲೆ ಕೆಡಿಸ್ಕೋಬೇಡಿ. ಪೆಟ್ಟಿಗೆ ಮೇಲಿನ ಗಡಸುತನದ ನಂಬರ್ ಆಯಾ ಕಂಪನಿಯ ಸ್ವಂತ ಲೆಕ್ಕ, ಒಬ್ಬರದನ್ನು ಇನ್ನೊಬ್ಬರದಕ್ಕೆ ಹೋಲಿಸೋಕೆ ಬರಲ್ಲ.

ಟಿ1_ಪಾಠಶಾಲೆ

ಸಮಯದ ಪ್ರಶ್ನೆಗೆ ನನ್ನ ಉತ್ತರ: ಶೂ ಅಲ್ಲ, ಏರುವ ವಿಧಾನ ಸಮಯ ಉಳಿಸೋದು. ಶೂ ಮೊದಲೇ ಪೆಡಲ್‌ಗೆ ಕಚ್ಚಿಸಿಟ್ಟು, ಬರಿಗಾಲಲ್ಲಿ ಸೈಕಲ್ ತಳ್ಳಿಕೊಂಡು ಓಡಿ, ಮೌಂಟ್ ಲೈನ್ (ಇದನ್ನು ದಾಟಿದ ಮೇಲೆಯೇ ಸೈಕಲ್ ಏರಬೇಕು) ದಾಟಿ ಹಾರಿ ಕೂರೋದಾದರೆ ಮಾತ್ರ ಟ್ರೈ ಶೂಗೆ ಕೊಟ್ಟ ದುಡ್ಡು ಸಾರ್ಥಕ. ಕೂತು ಶೂ ಹಾಕಿ ಹೊರಡೋದಾದರೆ ನಿಮ್ಮ ಡಯಲ್ ಶೂ ಸಾಕು.

ಎಸ್‌ಪಿಡಿ-ಎಸ್‌ಎಲ್ ಪೆಡಲ್‌ನಲ್ಲಿ ಶೂ ಬಿಟ್ಟರೆ ಹಿಮ್ಮಡಿ ಕೆಳಗೆ ಜೋತು ಬೀಳುತ್ತೆ. ಸೈಕಲ್ ತಳ್ಳುವಾಗ ಅದು ನೆಲಕ್ಕೆ ಬಡಿದು ಕಳಚಿಕೊಳ್ಳಬಹುದು. ಅದಕ್ಕೇ ಕ್ರ್ಯಾಂಕ್ ಅಡ್ಡಡ್ಡ ಇಟ್ಟು, ಹಿಮ್ಮಡಿ ಕುಣಿಕೆಯಿಂದ ಫ್ರೇಮ್‌ಗೆ ರಬ್ಬರ್ ಬ್ಯಾಂಡ್ ಹಾಕೋದು. ಮುಂದಿರುವ ಶೂ ಫ್ರಂಟ್ ಡಿರೇಲರ್‌ಗೋ (ಮುಂದಿನ ಗೇರ್ ಬದಲಿಸುವ ಭಾಗ) ಬಾಟಲ್ ಕೇಜ್‌ಗೋ, ಹಿಂದಿನದು ಹಿಂದಿನ ಚಕ್ರದ ಕ್ವಿಕ್ ರಿಲೀಸ್‌ಗೆ (ಚಕ್ರ ಬಿಚ್ಚುವ ಲಿವರ್). ಬ್ಯಾಂಡ್ ತೆಳ್ಳಗಿರಲಿ, ಹೋಟೆಲಲ್ಲಿ ಸಾಂಬಾರ್ ಪಾರ್ಸಲ್‌ಗೆ ಸುತ್ತುತ್ತಾರಲ್ಲ, ಆ ಥರದ್ದು. ಮೊದಲ ಅರ್ಧ ಸುತ್ತಿಗೇ ಅದು ಹರಿಯಬೇಕು. ದಪ್ಪದ್ದು ಹಾಕಿದರೆ ಹರಿಯೋ ಬದಲು ಶೂನೇ ಕಿತ್ತು ಬರುತ್ತೆ.

ಕೂತ ಮೇಲೆ ಶೂ ಮೇಲ್ಭಾಗದ ಮೇಲೇ ಪಾದ ಇಟ್ಟು ತುಳಿಯಿರಿ. ಗಂಟೆಗೆ 20 ಕಿ.ಮೀ. ಹತ್ತಿರ ವೇಗ ಬಂದು ದಾರಿ ನೇರವಾದ ಮೇಲೆ ಒಂದೊಂದೇ ಕಾಲು ಒಳಗೆ. ಬೀಳೋದು ಯಾವಾಗ ಅಂದರೆ, ತಲೆ ಬಗ್ಗಿಸಿ ಶೂ ನೋಡುವಾಗ, ಇಲ್ಲ ಭಾರದ ಗೇರ್‌ನಲ್ಲಿ ಹೊರಟು ಸೈಕಲ್ ಓಲಾಡುವಾಗ. ಹಗುರ ಗೇರ್‌ಗೆ ಹಾಕಿಯೇ ರ‍್ಯಾಕ್‌ನಲ್ಲಿ ನಿಲ್ಲಿಸಿ. ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಪಟ್ಟಿ ಹಾಕಿರಬೇಕು ಅನ್ನೋದು ಗೊತ್ತಿರಬೇಕಲ್ಲ.

ಯಾರೂ ಹೇಳದ ಒಂದು ವಿಷಯ ಇನ್‌ಸೋಲ್. ಒದ್ದೆ ಪಾದ ತೂರಿಸುವಾಗ ಅದು ಮಡಚಿಕೊಂಡು ಬೆರಳ ಕೆಳಗೆ ಸುರುಳಿ ಸುತ್ತಿಕೊಳ್ಳುತ್ತೆ. ಹಿಮ್ಮಡಿ ಭಾಗದಲ್ಲಿ ಎರಡೂ ಬದಿ ಅಂಟಿರುವ ಟೇಪ್ ಹಾಕಿ ಕೂರಿಸಿಬಿಡಿ.

ಗಡಿಬಿಡಿ_ಗಾಲಿ

ಧನ್ಯವಾದ. ಆದರೆ ಥ್ರೂ ಆಕ್ಸಲ್‌ಗೆ ಕ್ವಿಕ್ ರಿಲೀಸ್ ಲಿವರ್ರೇ ಇಲ್ಲ. ಬ್ಯಾಂಡ್ ಎಲ್ಲಿಗೆ ಕಟ್ಟಲಿ?

ಟಿ1_ಪಾಠಶಾಲೆ

ಎಡ ಪೆಡಲ್ ಹಿಂದಕ್ಕೆ, ಬಲ ಪೆಡಲ್ ಮುಂದಕ್ಕೆ ಇಡಿ. ಎಡಗಡೆ ಚೈನ್‌ಸ್ಟೇಗೆ (ಪೆಡಲ್ ಬಳಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮ್ ಕೊಳವೆ) ಸಣ್ಣ ಕೇಬಲ್ ಟೈ ಸುತ್ತಿ ಸಡಿಲ ಕುಣಿಕೆ ಬಿಟ್ಟು, ಅದಕ್ಕೆ ಬ್ಯಾಂಡ್ ಸಿಕ್ಕಿಸಿ. ಡಿಸ್ಕ್ ರೋಟರ್ (ಬ್ರೇಕ್‌ನ ತಟ್ಟೆ) ಅದೇ ಬದಿಯಲ್ಲಿದೆ. ಹರಿದ ತುಂಡು ಅಲ್ಲಿಗೆ ತಲುಪದ ಹಾಗೆ ಕೇಬಲ್ ಟೈ ಮುಂದಕ್ಕೇ ಇರಲಿ. ಬಲಗಡೆಯದು ಬಾಟಲ್ ಕೇಜ್‌ಗೆ. ಮನೆಯ ಹತ್ತಿರದ ಖಾಲಿ ಮೈದಾನದಲ್ಲಿ, ಮೊದಲು ಹುಲ್ಲಿನ ಮೇಲೆ, ಇಪ್ಪತ್ತು ಸಲವಾದರೂ ಏರಿ ಇಳಿದು ನೋಡಿ.

ನಿಧಾನವೇ_ಪ್ರಧಾನ

ನನ್ನದು ಸ್ವಲ್ಪ ತಕರಾರು. ಸ್ಪ್ರಿಂಟ್‌ಗೆ ಮೇಲಿನದೆಲ್ಲ ಒಪ್ಪುತ್ತೀನಿ. ಆದರೆ 70.3 ಅಂದರೆ 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಅಲ್ಲಿ ಉಳಿಯುವ ಕೆಲವು ಸೆಕೆಂಡ್‌ಗೋಸ್ಕರ ಮೂರು ಗಂಟೆ ಪಾದ ಸುಡಿಸಿಕೊಳ್ಳಬೇಡಿ. ಗೋವಾದಲ್ಲಿ ಮಿರಾಮಾರ್ ಬೀಚ್ ಮರಳಿನಿಂದ ಎದ್ದು ಬರುತ್ತೀರಿ. ಮರಳು ಮೆತ್ತಿದ ಬರಿಗಾಲನ್ನು ಶೂಗೆ ಹಾಕಿದರೆ ಅದು ಉಪ್ಪು ಕಾಗದ ಹಾಕಿ ಉಜ್ಜಿದ ಹಾಗೆ. ಸಣ್ಣ ಟವಲ್‌ನಲ್ಲಿ ಬೆರಳ ಸಂದಿ ಒರೆಸಿ, ಕಾಲುಚೀಲ ಹಾಕಿ, ಆಮೇಲೆ ಶೂ. ಕಾಲುಚೀಲವನ್ನು ಮೊದಲೇ ಬೆರಳ ತುದಿಯವರೆಗೆ ಸುತ್ತಿಟ್ಟಿದ್ದರೆ ಒದ್ದೆ ಕಾಲಿಗೂ ಬಿಚ್ಚಿಕೊಂಡು ಏರುತ್ತೆ. ಸೈಕಲ್‌ನಿಂದ ಬರಿಗಾಲಲ್ಲಿ ಇಳಿದರೆ ಇನ್ನೊಂದು ಕಷ್ಟ ಇದೆ: ಹೊತ್ತೇರಿದ ಮೇಲೆ ಡಾಂಬರು ಕಾದಿರುತ್ತೆ, ಕಾರ್ಪೆಟ್ ಎಲ್ಲ ಕಡೆ ಹಾಸಿರಲ್ಲ.

ನಿಮ್ಮ ಉರಿಗೆ, ಹೊಸ ಶೂಗಿಂತ ಮೊದಲು ಕ್ಲೀಟ್ ಹಿಂದಕ್ಕೆ ಸರಿಸಿ ನೋಡಿ, ಖರ್ಚಿಲ್ಲದ ಔಷಧ. ಶೂ ಹಾಕಿಕೊಂಡು ಹೆಬ್ಬೆರಳ ಬುಡದ ಮೂಳೆ, ಕಿರುಬೆರಳ ಬುಡದ ಮೂಳೆ ಎರಡನ್ನೂ ಒತ್ತಿ ಹುಡುಕಿ ಹೊರಗಡೆ ಟೇಪ್ ಅಂಟಿಸಿ. ಪೆಡಲ್ ಆಕ್ಸಲ್ ಈ ಎರಡು ಗುರುತಿನ ನಡುವೆ, ಕಿರುಬೆರಳ ಕಡೆಗೆ ಬರಬೇಕು. ಒಂದು ಸಲಕ್ಕೆ 3 ಮಿ.ಮೀ. ಸಾಕು, ಹಳೆಯ ಜಾಗಕ್ಕೆ ಮಾರ್ಕರ್ ಗೆರೆ ಎಳೆದಿಟ್ಟುಕೊಳ್ಳಿ. ಮೀನಖಂಡದ ಮೇಲಿನ ಭಾರ ಇಳಿದು ಓಟಕ್ಕೂ ಅನುಕೂಲ. ಸೀಟ್ ಒಂದೆರಡು ಮಿ.ಮೀ. ತಗ್ಗಿಸಬೇಕಾಗಬಹುದು. ಸ್ಕ್ರೂಗೆ ಗ್ರೀಸ್ ಹಚ್ಚಿ 5ರಿಂದ 6 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಹಳದಿ ಕ್ಲೀಟ್‌ಗೆ 6 ಡಿಗ್ರಿ ಆಟ ಇದೆ (ಪೆಡಲ್ ಮೇಲೆ ಪಾದ ಅಷ್ಟು ಅಕ್ಕಪಕ್ಕ ತಿರುಗುತ್ತೆ), ಮಂಡಿಗೆ ಅದೇ ಒಳ್ಳೆಯದು. ಯಾರೋ ಹೇಳಿದರು ಅಂತ ಕೆಂಪು ಹಾಕಬೇಡಿ, ಅದಕ್ಕೆ ಆಟವೇ ಇಲ್ಲ.

ಡಯಲ್ ಕೂಡ ನೋಡಿಕೊಳ್ಳಿ. ಹೊರಡುವಾಗ ಬಿಗಿ ಮಾಡಿದ್ದು ಒಂದು ಗಂಟೆಯಲ್ಲಿ ಪಾದ ಊದಿ ಇನ್ನೂ ಬಿಗಿಯಾಗುತ್ತೆ. ನೀರು ಕುಡಿಯುವಾಗ ಒಂದು ಕ್ಲಿಕ್ ಸಡಿಲಿಸಿ.

ಅಲೆನ್_ಕೀ_4

ನಿಧಾನವೇ ಪ್ರಧಾನ ಅವರ ಮಾತು ಸರಿ, ಮೊದಲು ಕ್ಲೀಟ್. ಮುಂದೆ ಟ್ರೈ ಶೂ ತಗೊಂಡರೆ ಹಿಮ್ಮಡಿಗೆ, ಬೆರಳ ಮೇಲ್ಭಾಗಕ್ಕೆ ತಾಗುವ ಕಡೆ ಮಾತ್ರ ವ್ಯಾಸಲೀನ್ ಹಚ್ಚಿ, ಅಂಗಾಲಿಗೆ ಬೇಡ, ಒಳಗೆ ಜಾರುತ್ತೆ. ಪೌಡರ್ ಒದ್ದೆ ಕಾಲಿಗೆ ಅಂಟಿನ ಥರ ಆಗುತ್ತೆ. ಸಮುದ್ರದ ರೇಸ್ ಆದ ದಿನವೇ ಇನ್‌ಸೋಲ್ ಬಿಡಿಸಿ ಸಿಹಿನೀರಲ್ಲಿ ತೊಳೆದು, ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೋಲ್ ಅಂಟು ಬಿಡುತ್ತೆ. ಕ್ಲೀಟ್ ಸ್ಕ್ರೂ ಒಮ್ಮೆ ಬಿಚ್ಚಿ ಮತ್ತೆ ಗ್ರೀಸ್ ಹಾಕಿ, ಇಲ್ಲದಿದ್ದರೆ ಉಪ್ಪಿಗೆ ತುಕ್ಕು ಹಿಡಿದು ಮುಂದಿನ ಸಲ ಅಲೆನ್ ಕೀ ತಿರುಗಲ್ಲ. ವೆಲ್ಕ್ರೊಗೆ ಮೆತ್ತಿದ ಮರಳಿಗೆ ಹಳೇ ಟೂತ್‌ಬ್ರಷ್.